ನಾನು ಎದ್ದೆ, ನನಗೆ ಎಚ್ಚರವಾಯಿತು

ನಿದ್ದೆಯಿಂದ ಹೊರಬರುವುದಕ್ಕೆ ಇಂಗ್ಲಿಷಿನವರು 'ವೇಕ್' ಎನ್ನುತ್ತಾರೆ. ತಾನಾಗಿ ಕಣ್ಣು ಬಿಟ್ಟರೂ ಅದೇ ಮಾತು, ಮಲಗಿದವರನ್ನು ಅಲುಗಿಸಿ ಎಬ್ಬಿಸಿದರೂ ಅದೇ ಮಾತು. ಅದರ ಬೆನ್ನಿಗೆ ಅವೇಕ್, ವೇಕನ್, ಅವೇಕನ್ ಎಂದು ಇನ್ನೂ ಮೂರು ರೂಪಗಳಿವೆ. ಯಾವುದನ್ನು ಎಲ್ಲಿ ಬಳಸಬೇಕು, ಯಾವುದರ ಭೂತರೂಪ ಯಾವುದು ಎಂಬ ಗೊಂದಲ ಇಂಗ್ಲಿಷ್ ಬಲ್ಲವರನ್ನೂ ಬಿಟ್ಟಿಲ್ಲ. ಕನ್ನಡದಲ್ಲಿ ಈ ಕೆಲಸವನ್ನು ಎರಡು ಮಾತುಗಳು ಹಂಚಿಕೊಂಡಿವೆ. ಮೈ ಏಳುತ್ತದೆ, ಮನಸ್ಸಿಗೆ ಎಚ್ಚರವಾಗುತ್ತದೆ. ಎಚ್ಚರವಾದಮೇಲೂ ಏಳದೆ ಬಿದ್ದುಕೊಂಡಿರಬಹುದು. ಎದ್ದು ಕೂತಮೇಲೂ ಎಚ್ಚರವಿಲ್ಲದೆ ಚಹಾದ ಲೋಟ ಹಿಡಿದಿರಬಹುದು.

ಈ ಎರಡು ಮಾತುಗಳು ಎಲ್ಲಿಂದ ಬಂದವು, ಅವುಗಳ ದಾರಿ ಎಲ್ಲಿ ಕವಲೊಡೆಯಿತು, ಪಕ್ಕದ ಮರಾಠಿಯ 'ಉಠಣೆ', 'ಜಾಗಣೆ'ಗಳ ಜೊತೆ ಅವುಗಳ ವ್ಯವಹಾರವೇನು? ಮೇಲುನೋಟಕ್ಕೆ ಇದು ನಿಘಂಟು ಬರೆಯುವವರ ತಲೆನೋವು. ಆದರೆ ಮಹಾರಾಷ್ಟ್ರದ ಗಡಿಯ ದೇವಣಿ, ನಿಲಂಗಾ, ಉಮರ್ಗಾ, ಉದಗೀರದ ಕಡೆಯ ಕನ್ನಡ ಮನೆಗಳಲ್ಲಿ ಇದು ದಿನ ಬೆಳಗಿನ ಮಾತು. ಅಜ್ಜಿ 'ಏಳು ಮಗಾ, ಹೊತ್ತು ಏರ್ಯದ' ಎನ್ನುತ್ತಾಳೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಹೊದಿಕೆಯೊಳಗಿಂದಲೇ 'ಉಠಲೋ ನಾ ಆಜಿ' ಎಂದು ಸುಳ್ಳು ಹೇಳುತ್ತಾನೆ. ಇಬ್ಬರಿಗೂ ಪರಸ್ಪರರ ಮಾತು ಪೂರಾ ತಿಳಿಯುತ್ತದೆ.

ಈ ಸೀಮೆಯ ಇತಿಹಾಸವನ್ನು ಇಲ್ಲಿ ಎರಡು ಸಾಲಿನಲ್ಲಿ ಮುಗಿಸಬಹುದು. ನಿಜಾಮರ ಕಾಲದಿಂದಲೂ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆಗೆ ಅವು ಮುಂಬಯಿ ರಾಜ್ಯಕ್ಕೆ ಹೋದವು, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿಗೆ ಬಂದವು. 1982ರಲ್ಲಿ ಉಸ್ಮಾನಾಬಾದ ಒಡೆದು ಉದಗೀರ, ನಿಲಂಗಾ ಸೇರಿದ ಲಾತೂರ ಜಿಲ್ಲೆ ಆಯಿತು. ಗೆರೆ ಬಿದ್ದದ್ದು ತಾಲೂಕುಗಳ ನಡುವೆ. ಬೀಗತನ, ದನದ ಸಂತೆ, ಜಾತ್ರೆಗಳು ಆ ಗೆರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ೞಕಾರದ ಮನೆತನ

'ಏಳು' ಎಂಬುದರ ವಂಶಾವಳಿ ಹೆಚ್ಚು ತಕರಾರಿಲ್ಲದ್ದು. ಹಳಗನ್ನಡದಲ್ಲಿ ಅದು 'ಏೞ್'. ತಮಿಳು, ಮಲಯಾಳಗಳಲ್ಲಿ ಅದೇ ಬೇರು ಹ್ರಸ್ವ ಎಕಾರದೊಂದಿಗೆ ಈಗಲೂ ಆ ವಿಶೇಷ ೞಕಾರವನ್ನು ಇಟ್ಟುಕೊಂಡಿದೆ. ತೆಲುಗಿನ 'ಲೇಚು' ಕೂಡ ಈ ಬಳಗದ್ದೇ, ಧ್ವನಿಗಳು ಹಿಂದುಮುಂದಾಗಿವೆ ಅಷ್ಟೆ ಎಂಬುದು ದ್ರಾವಿಡ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಬರೋ ಮತ್ತು ಎಮೆನೋ 1961ರಲ್ಲಿ ತಂದ ದ್ರಾವಿಡ ವ್ಯುತ್ಪತ್ತಿ ನಿಘಂಟು ಇಂಥ ಬಳಗಗಳನ್ನೇ ಒಂದೊಂದಾಗಿ ಒಟ್ಟುಮಾಡಿತು.

ನಮ್ಮಲ್ಲಿ ೞಕಾರ ಬೇಗ ಸತ್ತಿತು. ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ೞಕಾರವಿರುವ ಮಾತುಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಜನ ಸಹಜವಾಗಿ ಉಚ್ಚರಿಸುತ್ತಿದ್ದರೆ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ಒಂಟಿಯಾಗಿ ನಿಂತಲ್ಲಿ ೞ ಳಕಾರವಾಯಿತು, ಹೀಗಾಗಿ 'ಏಳು'. ಮುಂದೆ ಇನ್ನೊಂದು ವ್ಯಂಜನ ತಾಗಿದಲ್ಲಿ ಮೊದಲು ರಕಾರವಾಗಿ ಆಮೇಲೆ ಮುಂದಿನದರಲ್ಲೇ ಕರಗಿತು. 'ಎೞ್ದು' ಎಂಬುದು 'ಎರ್ದು' ಆಗಿ 'ಎದ್ದು' ಆಯಿತು. 'ಬಿೞ್ದು' ಹಾಗೆಯೇ 'ಬಿದ್ದು', 'ಪೊೞ್ತು' ಹಾಗೆಯೇ 'ಹೊತ್ತು'. 'ಎಬ್ಬಿಸು' ಎಂಬುದರ ಎರಡು ಬಕಾರಗಳ ಹಿಂದೆಯೂ ಅದೇ ೞಕಾರ ಅಡಗಿದೆ. ಏಳು, ಎದ್ದ, ಎಬ್ಬಿಸು ಎಂಬ ಮೂರೂ ಒಂದೇ ಧಾತುವಿನವು ಎಂದು ಶಾಲೆಯ ಹುಡುಗನಿಗೆ ನಂಬಿಸುವುದು ಕಷ್ಟ, ಆದರೂ ಸಂಗತಿ ಅದೇ.

ಈ ಧಾತು ಹಾಸಿಗೆಗೆ ಕಟ್ಟುಬಿದ್ದದ್ದಲ್ಲ. ಧೂಳು ಏಳುತ್ತದೆ, ಹೊಗೆ ಏಳುತ್ತದೆ, ಮೈಮೇಲೆ ಬೊಬ್ಬೆ ಏಳುತ್ತದೆ, ಜನ ದಂಗೆ ಏಳುತ್ತಾರೆ, ಸಭೆಯಲ್ಲಿ ಪ್ರಶ್ನೆ ಏಳುತ್ತದೆ. ಮನೆತನದ ಏಳಿಗೆಯೂ ಏಳುವುದೇ. ಮೂಲದ ಅರ್ಥ ಮೇಲಕ್ಕೆ ಬರುವುದು, ನಿದ್ದೆ ಬಿಡುವುದು ಅದರ ಒಂದು ಉಪಯೋಗ ಮಾತ್ರ. ತಮಿಳರು ದೇವರನ್ನು ಎಬ್ಬಿಸುವ ಸ್ತೋತ್ರಗಳಿಗೆ 'ತಿರುಪ್ಪಳ್ಳಿಯೆೞುಚ್ಚಿ' ಎಂದು ಹೆಸರಿಟ್ಟಾಗ ಆರಿಸಿಕೊಂಡದ್ದೂ ಇದೇ ಧಾತುವನ್ನು. ನಾವು ಮಾಡಿದ ಒಂದು ವಿಚಿತ್ರವೆಂದರೆ 'ಎದ್ದೇಳು'. ಎದ್ದಮೇಲೆ ಮತ್ತೆ ಏಳುವುದು ಎಲ್ಲಿಂದ? ತಡವಾಗಿ ಏಳುವ ಮಕ್ಕಳಿರುವ ಮನೆಯ ತಾಯಂದಿರೇ ಇದನ್ನು ಕಟ್ಟಿರಬೇಕು ಎಂದು ನನ್ನ ಗುಮಾನಿ.

ಅರಸರೂ ದೇವರೂ ಏಳುವುದಕ್ಕೆ ಹಳೆಯ ಕಾವ್ಯಗಳಲ್ಲಿ 'ಉಪ್ಪವಡಿಸು' ಎಂಬ ಗೌರವದ ಮಾತಿತ್ತು. ಅದೀಗ ಬಳಕೆಯಿಂದ ಪೂರ್ತಿ ಹೋಗಿದೆ.

ಎಚ್ಚರದ ಬಾಲ

'ಎಚ್ಚರ'ದ ಕಥೆ ಅರ್ಧ ಮಾತ್ರ ಸ್ಪಷ್ಟ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಎಚ್ಚರು, ಎರ್ಚರು ಮುಂತಾದ ರೂಪಗಳನ್ನು ಒಟ್ಟಿಗೆ ಇಡುತ್ತದೆ. ಮೇಲೆ ಹೇಳಿದ ಧ್ವನಿನಿಯಮವನ್ನೇ ಹಿಡಿದು ಹಿಂದಕ್ಕೆ ಹೋದರೆ ಎಚ್ಚ, ಎರ್ಚ, ಎೞ್ಚ ಎಂದು ಮತ್ತೆ ಅದೇ ೞಕಾರದ ಮನೆಗೆ ಬಂದು ನಿಲ್ಲುತ್ತೇವೆ. ಅಂದರೆ ಎಚ್ಚರದ ತಲೆ 'ಏಳು' ಎಂಬುದೇ. ಇಷ್ಟನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಬಾಲ ಯಾವುದು? ಹಳಗನ್ನಡದಲ್ಲಿ ಅದು ಸಾಧಾರಣ ರಕಾರವಲ್ಲ, ಶಕಟರೇಫವಾದ ಱಕಾರ. ಅದಕ್ಕೆ ಸಾಕ್ಷಿ ನಮ್ಮ ಬಾಯಲ್ಲೇ ಉಳಿದಿದೆ. ಱಕಾರಾಂತ ಧಾತುಗಳು ಭೂತಕಾಲದಲ್ಲಿ ತಕಾರದ ಒತ್ತು ಪಡೆಯುತ್ತವೆ: ಹೆರು-ಹೆತ್ತ, ಹೊರು-ಹೊತ್ತ, ತೆರು-ತೆತ್ತ. ಅದೇ ಸಾಲಿನಲ್ಲಿ ಎಚ್ಚರು-ಎಚ್ಚತ್ತ. ಇವತ್ತಿನ ಪತ್ರಿಕೆಗಳ 'ಕೊನೆಗೂ ಎಚ್ಚೆತ್ತ ಅಧಿಕಾರಿಗಳು' ಎಂಬ ಶೀರ್ಷಿಕೆಯಲ್ಲಿ ಇರುವುದು ಆ ಹಳೆಯ ಭೂತರೂಪ. ಅದನ್ನು 'ಎಚ್ಚ' ಮತ್ತು 'ಎತ್ತು' ಎಂದು ಒಡೆದು ತಲೆ ಎತ್ತುವುದರ ಜೊತೆ ಗಂಟುಹಾಕುವವರಿದ್ದಾರೆ. ಅಧಿಕಾರಿಗಳು ತಲೆ ಎತ್ತಲಿ ಎಂಬ ಆಸೆ ಸರಿಯಾದದ್ದೇ, ವ್ಯುತ್ಪತ್ತಿ ಮಾತ್ರ ತಪ್ಪು.

ಱಕಾರ ಕಂಡೊಡನೆ 'ಅಱಿ' ಅಂದರೆ ತಿಳಿ ಎಂಬ ಧಾತು ನೆನಪಾಗುವುದು ಸಹಜ. ಎದ್ದು ಅರಿಯುವುದೇ ಎಚ್ಚರ ಎಂದರೆ ಕೇಳಲು ಚೆಂದ. ಹಾಗಾದರೆ ನಡುವಿನ ಚಕಾರ ಎಲ್ಲಿಂದ ಬಂತು, 'ಅಱಿ'ಯ ಇಕಾರ ಎಲ್ಲಿ ಹೋಯಿತು ಎಂಬ ಎರಡು ಪ್ರಶ್ನೆ ಬಾಯಿ ತೆರೆದು ನಿಲ್ಲುತ್ತವೆ. ಚೆಂದದ ವ್ಯುತ್ಪತ್ತಿಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ.

ಅರ್ಥದ ಕಡೆಯಿಂದ ನೋಡಿದರೆ ಎಚ್ಚರ ದೂರ ಸಾಗಿದೆ. ನಿದ್ದೆ ಬಿಡುವುದರಿಂದ ಹೊರಟು ಜಾಗರೂಕತೆಗೆ, ಅಲ್ಲಿಂದ ಮುನ್ಸೂಚನೆಗೆ ಬಂದಿತು. ತೆಲುಗಿನ 'ಹೆಚ್ಚರಿಕ', ತಮಿಳಿನ 'ಎಚ್ಚರಿಕ್ಕೈ' ಈ ಕೊನೆಯ ಅರ್ಥದವು, ತಮಿಳಿಗೆ ಅದು ಉತ್ತರದ ನೆರೆಭಾಷೆಗಳಿಂದ ಹೋದದ್ದು. ಆಸ್ಥಾನಗಳಲ್ಲಿ ಅರಸ ನಡೆದುಬರುವಾಗ ಹೆಜ್ಜೆ ಹೆಜ್ಜೆಗೂ ಎಚ್ಚರಿಕೆ ಕೂಗುವ ಪದ್ಧತಿ ಇತ್ತು. ತ್ಯಾಗರಾಜರ ಉತ್ಸವ ಸಂಪ್ರದಾಯ ಕೀರ್ತನೆಗಳಲ್ಲಿ ಆ ಸೇವೆ ರಾಮನಿಗೆ ಸಲ್ಲುತ್ತದೆ. ಇಲ್ಲೊಂದು ವ್ಯತ್ಯಾಸ ಗಮನಿಸಬೇಕು: ನಾವು ಒಂದೇ 'ಎಚ್ಚರಿಸು'ವಿನಿಂದ ನಿದ್ದೆಯಿಂದಲೂ ಎಬ್ಬಿಸುತ್ತೇವೆ, ಅಪಾಯವನ್ನೂ ತಿಳಿಸುತ್ತೇವೆ. ಮರಾಠಿಯವರು ಎಬ್ಬಿಸುವಾಗ 'ಜಾಗೆ ಕರಣೆ', ಅಪಾಯ ತಿಳಿಸುವಾಗ 'ಸಾವಧ' ಅಥವಾ 'ಇಶಾರಾ' ಎನ್ನುತ್ತಾರೆ. ಗಡಿಯ ಕನ್ನಡಿಗ ದಿನವೂ ಎರಡನ್ನೂ ಬಳಸಿದರೂ ಈ ಎಲ್ಲೆಗಳು ಕದಡಿಲ್ಲ.

ವೇಕ್, ಜಾಗೃ, ಬುಧ್

ಇಂಡೋ-ಯುರೋಪಿಯನ್ ಭಾಷೆಗಳ ಬಳಗದಲ್ಲಿ ಬೇರುಗಳು ಮೂರು. ಇಂಗ್ಲಿಷಿನ ವೇಕ್ ಬಂದದ್ದು ಬಲ, ಚುರುಕು ಎಂಬ ಅರ್ಥದ ಪ್ರಾಚೀನ ಧಾತುವಿನಿಂದ. ಲ್ಯಾಟಿನ್ನಿನ 'ವಿಜಿಲ್', ಸಂಸ್ಕೃತದ 'ವಾಜ' ಅದರ ನೆಂಟರು ಎಂದು ಹೇಳುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಎಚ್ಚರಾಗುವುದಕ್ಕೊಂದು, ಎಚ್ಚರವಾಗಿರುವುದಕ್ಕೊಂದು ಎಂದು ಎರಡು ಕ್ರಿಯಾಪದಗಳಿದ್ದವು. ಕಾಲಾಂತರದಲ್ಲಿ ಎರಡೂ ಒಂದರೊಳಗೊಂದು ಬೆರೆತವು, ಇವತ್ತಿನ ಗೊಂದಲಕ್ಕೆ ಅದೇ ಕಾರಣ. ಕಾವಲು ಕಾಯುವ 'ವಾಚ್' ಇದೇ ಮನೆಯದು, ಹೆಣದ ಪಕ್ಕ ರಾತ್ರಿ ಕಾಯುವ 'ವೇಕ್' ಕೂಡ. ಹಡಗಿನ ಹಿಂದೆ ನೀರಿನಲ್ಲಿ ಮೂಡುವ 'ವೇಕ್' ಮಾತ್ರ ಬೇರೆ, ಅದು ಮಂಜುಗಡ್ಡೆಯಲ್ಲಿ ಕೊರೆದ ಕಂಡಿಯ ಹಳೆಯ ನಾರ್ಸ್ ಮಾತಿನಿಂದ ಬಂದದ್ದು. ಅಮೆರಿಕದ ಕಪ್ಪು ಜನರ ಆಡುಮಾತಿನ 'ವೋಕ್' ಸಾಮಾಜಿಕ ಅರಿವು ಎಂಬ ಅರ್ಥದಲ್ಲಿ 2017ರಲ್ಲಿ ಆಕ್ಸ್‌ಫರ್ಡ್ ನಿಘಂಟು ಸೇರಿತು, ಆಮೇಲೆ ಬೈಗುಳವೂ ಆಯಿತು.

ಸಂಸ್ಕೃತದ 'ಜಾಗೃ' ಬೇರೊಂದು ಧಾತು, ಗ್ರೀಕ್ ಮೂಲದ ಗ್ರೆಗರಿ ಎಂಬ ಹೆಸರು ಅದರ ದೂರದ ಬಂಧು. ಮೂರನೆಯದು 'ಬುಧ್', ಎಚ್ಚರಾಗುವುದರಿಂದ ತಿಳಿಯುವುದಕ್ಕೆ ನಡೆದದ್ದು. ಬುದ್ಧನ ಹೆಸರು ಹುಟ್ಟಿದ್ದು ಇಲ್ಲಿ. ವಿವೇಕಾನಂದರು ಊರೂರಿಗೆ ಮುಟ್ಟಿಸಿದ ಕಠೋಪನಿಷತ್ತಿನ ಕರೆಯಲ್ಲಿ ಏಳುವುದಕ್ಕೊಂದು, ಎಚ್ಚರಕ್ಕೊಂದು, ಅರಿವಿಗೊಂದು ಎಂದು ಮೂರು ಬೇರೆ ಬೇರೆ ಧಾತುಗಳಿವೆ. ಮಲಯಾಳದ 'ಉಣರುಕ' ನಿದ್ದೆ ಬಿಡುವುದು, ಅದೇ ಬೇರಿನ ತಮಿಳಿನ 'ಉಣರ್' ಮನಸ್ಸಿಗೆ ಅನ್ನಿಸುವುದು. ಎಚ್ಚರದಿಂದ ಅರಿವಿಗೆ ಹೋಗುವ ದಾರಿ ಎಲ್ಲ ಭಾಷೆಗಳೂ ತಾವಾಗಿ ಕಂಡುಕೊಂಡದ್ದು ಎಂಬ ಒಂದು ಪಂಥವೇ ಇದೆ. ಈ ಪಂಥದವರು ಸಾಮ್ಯಗಳನ್ನು ಚೆನ್ನಾಗಿ ವಿವರಿಸುತ್ತಾರೆ. ಕನ್ನಡದ ಎಚ್ಚರ ಅಪಾಯದ ಸೂಚನೆಗೆ ಹೋದಾಗ ಮರಾಠಿಯ ಜಾಗಣೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ.

ಗಡಿನಾಡಿನ ಆಚರಣೆಗಳಲ್ಲಿ ಈ ಮಾತುಗಳ ಹಂಚಿಕೆ ಇನ್ನೂ ಖಚಿತವಾಗಿದೆ. ಶಿವರಾತ್ರಿಗೆ ಲಿಂಗಾಯತರ ಮನೆಯಲ್ಲಿ ಮಾಡುವುದು ಜಾಗರಣೆ. ಖಂಡೋಬನ ಒಕ್ಕಲು ಮದುವೆಯಾದಮೇಲೆ ಆ ದೇವರ ಹಾಡುಗಾರರಾದ ವಾಘ್ಯಾ-ಮುರಳಿಯರನ್ನು ಕರೆಸಿ ರಾತ್ರಿಯಿಡೀ ಮಾಡಿಸುವುದು ಜಾಗರಣ. ಹರಕೆಗೆ ಬೇಗ ಒಲಿಯುವ ದೇವರನ್ನು ಮರಾಠಿಯಲ್ಲೂ ಕನ್ನಡದಲ್ಲೂ 'ಜಾಗೃತ' ಎನ್ನುತ್ತಾರೆ, 'ಎಚ್ಚರದ ದೇವರು' ಎಂದವರನ್ನು ನಾನು ಕೇಳಿಲ್ಲ. ನಳದುರ್ಗದ ಖಂಡೋಬನ ಜಾತ್ರೆಯಲ್ಲಿ ಭಂಡಾರ ತೂರುತ್ತಾ 'ಯೇಳಕೋಟ' ಎಂದು ಕೂಗುವ ಮರಾಠಿ ಭಕ್ತರ ಬಾಯಲ್ಲಿ ಇರುವುದು ನಮ್ಮ 'ಏಳುಕೋಟಿ'. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೂ ಅದೇ ಘೋಷ. ಅಲ್ಲಿನ ಏಳು ಸಂಖ್ಯೆ, ಏಳುವುದಲ್ಲ. ಹಳಗನ್ನಡದಲ್ಲಿ ಎರಡಕ್ಕೂ ೞಕಾರವೇ ಇದ್ದುದರಿಂದ ಯಾರಾದರೂ ಇದನ್ನು ದೇವರನ್ನು ಎಬ್ಬಿಸುವ ಕೂಗು ಎಂದು ಬಿಡಬಹುದು, ಆದರೆ ಅದಕ್ಕೆ ಆ ಸಾಮ್ಯವೊಂದೇ ಸಾಲದು.

ಯಾರ ನೆಲದಲ್ಲಿ ಯಾರ ಮಾತು

ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಒಯ್ದಿತು. 13ನೆಯ ಶತಮಾನದಲ್ಲಿ ಮಹಾನುಭಾವ ಪಂಥದ ಚಕ್ರಧರ ತನ್ನ ಶಿಷ್ಯರಿಗೆ ಕಾನಡ ದೇಶಕ್ಕೂ ತೆಲಂಗ ದೇಶಕ್ಕೂ ಹೋಗಬೇಡಿ ಎಂದ. ಅಂದರೆ ಅಷ್ಟರಲ್ಲಿ ಎಲ್ಲೋ ಒಂದು ಭಾಷೆಯ ಗೆರೆ ಜನರ ಮನಸ್ಸಿನಲ್ಲಿತ್ತು. ಈ ಎರಡು ಹೇಳಿಕೆಗಳ ನಡುವಿನ ನಾಲ್ಕು ಶತಮಾನಗಳಲ್ಲಿ ಏನಾಯಿತು ಎಂಬುದೇ ಕನ್ನಡ, ಮರಾಠಿಗಳ ಹಳೆಯ ನಂಟಿನ ಬಗೆಗಿನ ವಾದದ ತಿರುಳು.

ಸಂಶೋಧಕ ಶಂ.ಬಾ. ಜೋಶಿಯವರದು ಒಂದು ತುದಿ. ಊರ ಹೆಸರುಗಳು, ಜನಾಂಗಗಳು, ಬಳಕೆಯ ಮಾತುಗಳನ್ನು ಹಿಡಿದು ಮಹಾರಾಷ್ಟ್ರದ ಹಳೆಯ ಪದರದಲ್ಲಿ ಕನ್ನಡವೇ ಇತ್ತೆಂದು ಅವರು ಸಾಧಿಸಿದರು, ಕನ್ನಡದಲ್ಲೂ ಮರಾಠಿಯಲ್ಲೂ ಬರೆದರು. ಮರಾಠಿಯ ವಿಶ್ವನಾಥ ಖೈರೆ ಅದೇ ಹಾದಿಯಲ್ಲಿ ತಮಿಳಿನ ಕಡೆ ವಾಲಿದರು. ಇವರ ಬಲ ನಾಮಪದಗಳಲ್ಲಿದೆ. ಮರಾಠಿಯ ತೂಪ, ಅಡಕಿತ್ತಾ ನಮ್ಮ ತುಪ್ಪ, ಅಡಕೊತ್ತುಗಳೇ ಎಂಬುದನ್ನು ಬಹಳ ಜನ ಒಪ್ಪಿದ್ದಾರೆ. ದೌರ್ಬಲ್ಯವೂ ಅಲ್ಲೇ ಇದೆ. ಉದಗೀರದ ಹತ್ತಿರದ ಹತ್ತಿಬೇಟ ಗುಡ್ಡದ ಹೆಸರಿನಲ್ಲಿ ನಮಗೆ ಬೆಟ್ಟ ಕಾಣುತ್ತದೆ. ಮರಾಠಿಯವರಿಗೆ 'ಬೇಟ' ಎಂದರೆ ನಡುಗಡ್ಡೆ. ಹೆಸರೊಂದನ್ನೇ ಹಿಡಿದು ತೀರ್ಪು ಕೊಡಲಾಗದು.

ಇನ್ನೊಂದು ತುದಿ ಫ್ರಾನ್ಸಿನ ಜೂಲ್ ಬ್ಲಾಕ್ ಅವರದು. 1920ರ ಸುಮಾರಿಗೆ ಬಂದ ಅವರ ಗ್ರಂಥ ಮರಾಠಿಯನ್ನು ಸಂಸ್ಕೃತ, ಪ್ರಾಕೃತಗಳಿಂದ ಹೆಜ್ಜೆಹೆಜ್ಜೆಯಾಗಿ ಇಳಿಸಿತು. ಈ ಲೆಕ್ಕದಲ್ಲಿ 'ಉಠಣೆ' ಉತ್ ಮತ್ತು ಸ್ಥಾ ಸೇರಿದ್ದು, 'ಜಾಗಣೆ' ಜಾಗೃ, ಅಲ್ಲಿಗೆ ಮುಗಿಯಿತು. ಎಬ್ಬಿಸುವ, ಏಳುವ, ಎಚ್ಚರಾಗುವ ಒಂದು ಕ್ರಿಯಾಪದವೂ ಕನ್ನಡದಿಂದ ಮರಾಠಿಗೆ ದಾಟಲಿಲ್ಲ. ಅಡುಗೆಮನೆಯ ಸಾಮಾನು ದಾಟಿತು, ಹಾಸಿಗೆಯ ಮಾತು ದಾಟಲಿಲ್ಲ. ಶಂ.ಬಾ. ಪಕ್ಷದವರು ಇದಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ನನಗೆ, ಮಲಾ

ವಾದ ಶಬ್ದದಿಂದ ವಾಕ್ಯಕ್ಕೆ ಸರಿದಾಗ ಚಿತ್ರ ಬದಲಾಯಿತು. ಎಮೆನೋ 1956ರಲ್ಲಿ ಭಾರತವನ್ನೇ ಒಂದು ಭಾಷಾಕ್ಷೇತ್ರ ಎಂದು ಕರೆದರು. ಸಂಬಂಧವಿಲ್ಲದ ಕುಟುಂಬಗಳ ಭಾಷೆಗಳು ನೆರೆಹೊರೆಯಲ್ಲಿದ್ದು ಒಂದೇ ಅಚ್ಚಿಗೆ ಬರುತ್ತವೆ ಎಂಬುದು ಅವರ ಮಾತು. 1971ರಲ್ಲಿ ಒಂದೇ ಸಂಪುಟದಲ್ಲಿ ಎರಡು ಲೇಖನ ಬಂದವು. ಫ್ರಾಂಕ್ಲಿನ್ ಸೌತ್‌ವರ್ತ್ ಅವರು ಮರಾಠಿಯ ಹುಟ್ಟಿನಲ್ಲೇ ಬೆರಕೆಭಾಷೆಯ ಒಂದು ಹಂತ ಇದ್ದಿರಬಹುದು ಎಂದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಸಾಂಗ್ಲಿ ಹತ್ತಿರದ ಕುಪವಾಡ ಎಂಬ ಊರಿನ ಕನ್ನಡ, ಮರಾಠಿ, ಉರ್ದುಗಳನ್ನು ಎದುರುಬದುರು ಇಟ್ಟು ತೋರಿಸಿದರು: ಶಬ್ದ ಬೇರೆ, ಎಲುಬಿನ ಹಂದರ ಒಂದೇ. ಒಂದು ಭಾಷೆಯ ವಾಕ್ಯವನ್ನು ತುಂಡು ತುಂಡಾಗಿ ಇನ್ನೊಂದಕ್ಕೆ ಕ್ರಮ ತಪ್ಪದೆ ಬದಲಿಸಬಹುದು.

ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲೂ ಇದನ್ನು ಕೇಳಬಹುದು. ಕನ್ನಡದವನು 'ಎದ್ದು ಬಂದ' ಎನ್ನುತ್ತಾನೆ, ಮರಾಠಿಯವನು 'ಉಠೂನ ಆಲಾ', ದಖನಿ ಮಾತಾಡುವವನು 'ಉಠ್ ಕೋ ಆಯಾ'. ಎರಡೆರಡು ಕ್ರಿಯೆ, ಮೊದಲನೆಯದು ಪೂರ್ಣಗೊಂಡ ಕೃದಂತ, ಎರಡನೆಯದಕ್ಕೆ ಕಾಲದ ಗುರುತು. ಮೂರನ್ನೂ ಒಂದರ ಕೆಳಗೊಂದು ಬರೆದರೆ ಗೆರೆ ಎಳೆದಂತೆ ಕೂಡುತ್ತವೆ.

ಇನ್ನೂ ಕುತೂಹಲದ್ದು ಎಚ್ಚರದ ವಾಕ್ಯ. 'ನಾನು ಎದ್ದೆ', 'ಮೀ ಉಠಲೋ' ಎಂಬಲ್ಲಿ ಕರ್ತೃ ಪ್ರಥಮಾ ವಿಭಕ್ತಿಯಲ್ಲಿ ನೆಟ್ಟಗೆ ನಿಂತಿದ್ದಾನೆ, ಕೆಲಸ ಅವನದು. 'ನನಗೆ ಎಚ್ಚರವಾಯಿತು', 'ಮಲಾ ಜಾಗ ಆಲೀ' ಎಂಬಲ್ಲಿ ಅವನು ಚತುರ್ಥಿಗೆ ಇಳಿದಿದ್ದಾನೆ. ಹಸಿವು, ಜ್ವರ, ನೆನಪು ಬಂದಂತೆ ಎಚ್ಚರವೂ ಅವನಿಗೆ ಬರುತ್ತದೆ, ಅವನ ಅಪ್ಪಣೆ ಕೇಳುವುದಿಲ್ಲ. ಹೊದಿಕೆಯೊಳಗಿನ ಮೊಮ್ಮಗ 'ನಂಗ ಎಚ್ಚರ ಆಗಿದ್ದಿಲ್ಲ' ಎಂದರೆ ಅಜ್ಜಿ ಕ್ಷಮಿಸುತ್ತಾಳೆ. 'ನಾ ಎದ್ದಿದ್ದಿಲ್ಲ' ಎಂದರೆ ಬೈಗುಳ ಖಾತ್ರಿ. ಇಂಗ್ಲಿಷಿನ ವೇಕ್‌ನಲ್ಲಿ ಈ ವಿನಾಯಿತಿ ಇಲ್ಲ.

ಈ ಚತುರ್ಥಿ ದ್ರಾವಿಡದ ಕೊಡುಗೆ, ಮರಾಠಿ ಅದನ್ನು ನೆಲದಿಂದ ಪಡೆಯಿತು ಎಂದು ಒಂದು ಪಕ್ಷ. ಸಂಸ್ಕೃತದಲ್ಲೇ ಇಂಥ ವಾಕ್ಯಗಳ ಬೀಜವಿತ್ತು, ಎಲ್ಲದಕ್ಕೂ ಹೊರಗಿನ ಪ್ರಭಾವ ಹುಡುಕಬೇಕಿಲ್ಲ ಎಂದು ಹಾನ್ಸ್ ಹಾಕ್ ಅವರಂಥ ವಿದ್ವಾಂಸರ ಪಕ್ಷ. ನನ್ನ ಒಲವು ಮೊದಲನೆಯದರ ಕಡೆ ಇದ್ದರೂ ಒಂದು ಮುಳ್ಳು ಚುಚ್ಚುತ್ತದೆ. ಹಳಗನ್ನಡದ 'ಎಚ್ಚತ್ತನು' ಎಂಬಲ್ಲಿ ಕರ್ತೃ ಪ್ರಥಮೆಯಲ್ಲೇ ಇದ್ದಾನೆ. ಧಾತು ನಾಮಪದವಾಗಿ, 'ಆಗು' ಎಂಬುದನ್ನು ಜೊತೆಗಿಟ್ಟುಕೊಂಡಮೇಲೆ 'ನನಗೆ' ಬಂದಿದೆ. ಮರಾಠಿಯಲ್ಲೂ 'ಮೀ ಜಾಗಾ ಝಾಲೋ' ಎಂಬ ಪ್ರಥಮೆಯ ವಾಕ್ಯ ಬದಿಯಲ್ಲೇ ಬದುಕಿದೆ. ಎರಡು ಮನೆಯಲ್ಲೂ ಎರಡು ಬಾಗಿಲು ಇರುವಾಗ ಕೊಟ್ಟವರು ಯಾರು, ಇಸಿದುಕೊಂಡವರು ಯಾರು ಎನ್ನುವುದು ಅಷ್ಟು ಸುಲಭವಲ್ಲ. ಕುಪವಾಡದ ಚಿತ್ರವೂ ನಿಂತ ನೀರಲ್ಲ. ನಾಲ್ಕು ದಶಕಗಳ ನಂತರ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅದೇ ಊರಿನ ಮಾತನ್ನು ಮತ್ತೆ ಪರೀಕ್ಷಿಸಿ ಆ ಮಾದರಿಯನ್ನು ಪ್ರಶ್ನಿಸಿದರು.

ತೀರದೆ ಉಳಿದದ್ದು

ಎಚ್ಚರದ ಬಾಲದಲ್ಲಿರುವ ಚಕಾರ ಮತ್ತು ಱಕಾರ ಯಾವ ಧಾತುವಿನವು ಅಥವಾ ಯಾವ ಪ್ರತ್ಯಯದವು ಎಂಬುದು ತೀರ್ಮಾನವಾಗಿಲ್ಲ. 'ಎಚ್ಚತ್ತನು' ಹಿಂದೆ ಸರಿದು 'ಎಚ್ಚರವಾಯಿತು' ಮುಂದೆ ಬಂದದ್ದು ಯಾವ ಶತಮಾನದಲ್ಲಿ, ಬಡಗಣ ಕನ್ನಡದಲ್ಲಿ ಮೊದಲೋ ತೆಂಕಣದಲ್ಲಿ ಮೊದಲೋ ಎಂಬುದಕ್ಕೆ ಶಾಸನ, ಕಾವ್ಯಗಳನ್ನು ಈ ಒಂದು ಕಣ್ಣಿನಿಂದ ಜಾಲಾಡಬೇಕು. ಬಡಗಣದಲ್ಲಿ ಮೊದಲು ಎಂದಾದರೆ ಮರಾಠಿಯ ನೆರೆ ಅದಕ್ಕೆ ನೂಕು ಕೊಟ್ಟಿತು ಎಂಬ ವಾದಕ್ಕೆ ಬಲ ಬರುತ್ತದೆ, ಆಗ ಪ್ರಭಾವದ ಬಾಣ ನಾವು ಅಂದುಕೊಂಡದ್ದಕ್ಕೆ ತಿರುವುಮುರುವಾಗುತ್ತದೆ.

ದೇವಣಿ ಸೀಮೆಯ ಮಟ್ಟಿಗೆ ಕೊರತೆ ಇನ್ನೂ ಮೊದಲಿನದು. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ ಹೈದರಾಬಾದ್ ಸಂಸ್ಥಾನವನ್ನು ಒಳಗೊಳ್ಳಲಿಲ್ಲ, ಹಾಗಾಗಿ 20ನೆಯ ಶತಮಾನದ ಆರಂಭದ ಸಾಕ್ಷಿಯೇ ಈ ಭಾಗಕ್ಕಿಲ್ಲ. ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಕನ್ನಡ ಉಪಭಾಷೆಗಳ ಮಾಲೆ ತಂದಾಗ ಗುಲಬರ್ಗಾ ಕನ್ನಡಕ್ಕೆ ಒಂದು ಪುಸ್ತಕ ಸಿಕ್ಕಿತು. ಗೆರೆಯ ಆಚೆ ಉಳಿದ ನಿಲಂಗಾ, ಉದಗೀರದ ಕನ್ನಡವನ್ನು ಬರೆದಿಡಬೇಕಾದವರು ಕರ್ನಾಟಕದವರೋ ಮಹಾರಾಷ್ಟ್ರದವರೋ? ಮರಾಠಿ ಶಾಲೆಯಲ್ಲಿ ಓದುವ ಮಕ್ಕಳು ಮನೆಯಲ್ಲಿ ಎಬ್ಬಿಸು ಮತ್ತು ಎಚ್ಚರಿಸುಗಳ ವ್ಯತ್ಯಾಸವನ್ನು ಅಜ್ಜಿಯಂತೆಯೇ ಪಾಲಿಸುತ್ತಾರೋ, ಅಥವಾ ಮರಾಠಿಯ ಲೆಕ್ಕದಲ್ಲಿ ಮರುಹಂಚಿಕೆ ಮಾಡಿಕೊಂಡಿದ್ದಾರೋ ಎಂಬುದನ್ನು ಈಗಲಾದರೂ ಊರೂರಿಗೆ ಹೋಗಿ ಕೇಳಿ ಬರೆದುಕೊಳ್ಳಬೇಕಾಗಿದೆ.